ಹೆಸರುಗಳ ಸಾಲಿನಲ್ಲಿ ಮನಸ್ಸಿನ ಕಥೆ

ಪ್ರಶ್ನೆ: ಬೈಬಲಿನ ಮತ್ತಾಯನ ಸುವಾರ್ತೆ ತೆರೆದರೆ ಮೊದಲಿಗೇ ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಾಕೋಬ ಅಂತ ಯೇಸುವಿನವರೆಗೆ ಉದ್ದನೆಯ ವಂಶಾವಳಿ. ಇವೆಲ್ಲ ನಮ್ಮ ಮನಸ್ಸಿನ ಮೆಟ್ಟಿಲುಗಳು, ತನ್ನನ್ನು ತಾನು ಗೆಲ್ಲುವ ದಾರಿ ಅಂತಾರೆ ನನ್ನ ಗೆಳೆಯರೊಬ್ಬರು. ಹಾಗೆ ಓದಬಹುದಾ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಓದಬಹುದು. ಇದು ಹಳೆಯ ಪದ್ಧತಿಯೇ. ಯೇಸುವಿನ ಕಾಲದಲ್ಲೇ ಅಲೆಕ್ಸಾಂಡ್ರಿಯಾದಲ್ಲಿ ಬದುಕಿದ್ದ ಯೆಹೂದಿ ಚಿಂತಕ ಫೈಲೋ, ಅಬ್ರಹಾಮನಲ್ಲಿ ಕಲಿಕೆಯನ್ನು, ಇಸಾಕನಲ್ಲಿ ಹುಟ್ಟುಗುಣವನ್ನು, ಯಾಕೋಬನಲ್ಲಿ ಸಾಧನೆಯನ್ನು ಕಂಡಿದ್ದ. ಯೇಸುವಿನ ಸಂದೇಶ ಸಾರಿದ ಪೌಲನೂ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಬ್ರಹಾಮನ ದಾಸಿ ಹಾಗರ ಮತ್ತು ಹೆಂಡತಿ ಸಾರಳನ್ನು ದೇವರ ಜೊತೆಗಿನ ಎರಡು ಒಡಂಬಡಿಕೆಗಳ ಗುರುತಾಗಿ ನೋಡುತ್ತಾನೆ. ಕೈವಾರ ತಾತಯ್ಯನವರ ತತ್ವಪದ ಕೇಳಿ ಬೆಳೆದ ನಿಮ್ಮ ಕಡೆಯವರಿಗೆ ಮೇಲೊಂದು ಅರ್ಥ, ಒಳಗೊಂದು ಅರ್ಥ ಅನ್ನೋದು ಹೊಸದೇನಲ್ಲ, ಅಲ್ವಾ?

ಆದರೆ ಹೆಸರಿಗೊಂದು ಗುಣ ಅಂಟಿಸುತ್ತಾ ಹೋಗಬೇಡಿ. ಪಟ್ಟಿಯ ಕೊನೆಯಲ್ಲಿ ಬರುವ ಅಜೋರ, ಎಲಿಹೂದರ ಬಗ್ಗೆ ಬೈಬಲಿನಲ್ಲಿ ಒಂದು ಕಥೆಯೂ ಇಲ್ಲ. ಅವರಿಗೆ ಯಾವ ಗುಣ ಹಚ್ಚಿದರೂ ನಡೆಯುತ್ತದೆ, ಕೇಳುವವರಿಲ್ಲ! ಮತ್ತಾಯನ ಉದ್ದೇಶವೂ ಬೇರೆ. ಯೇಸು ರಾಜ ದಾವೀದನ ವಂಶದವನು ಎಂದು ತೋರಿಸಬೇಕಿತ್ತು. 14 ತಲೆಮಾರುಗಳ ಮೂರು ಗುಂಪು ಮಾಡಲು ಅವನು ಯೋರಾಮನ ನಂತರದ ಮೂವರು ರಾಜರನ್ನೇ ಬಿಟ್ಟಿದ್ದಾನೆ.

ಒಳಗಿನ ಓದಿಗೆ ಜಾಸ್ತಿ ಸಿಗುವುದು ಪಟ್ಟಿ ಎಡವುವ ಕಡೆ. ಗಂಡಸರ ಹೆಸರುಗಳ ನಡುವೆ ತಟ್ಟನೆ ತಾಮಾರಳ ಹೆಸರು ಬರುತ್ತದೆ. ಅವಳು ಯೂದನ ಸೊಸೆ, ವಿಧವೆ. ಈ ಯೂದ ಯಾರು? ಯಾಕೋಬನ ಮಗ, ತಮ್ಮ ಯೋಸೇಫನನ್ನು ಮಾರಿಬಿಡೋಣ ಎಂದವನು. ಅಣ್ಣಂದಿರು ರಕ್ತ ಹಚ್ಚಿದ ಅಂಗಿಯನ್ನು ಅಪ್ಪನಿಗೆ ಕಳಿಸಿ, ನಿನ್ನ ಮಗನದೇ ಏನು ನೋಡು ಎಂದು ಕೇಳಿಸಿದ್ದರು. ಮುಂದೆ ಯೂದ, ಕಿರಿಮಗನಿಗೆ ನಿನ್ನನ್ನು ಕೊಡುತ್ತೇನೆ ಎಂದು ಸೊಸೆಗೆ ಕೊಟ್ಟ ಮಾತು ತಪ್ಪುತ್ತಾನೆ. ಅವಳು ವೇಷ ಮರೆಸಿಕೊಂಡು ಅವನಿಂದಲೇ ಬಸುರಾಗುತ್ತಾಳೆ. ಬಸುರಿಗೆ ತಾನೇ ಕಾರಣ ಎಂದು ತಿಳಿಯದೆ, ಅವಳನ್ನು ಸುಡಿ ಎನ್ನುತ್ತಾನೆ ಈ ಮಾವ. ಅವಳು ಆಗ ಒತ್ತೆಯಾಗಿ ಇಟ್ಟುಕೊಂಡಿದ್ದ ಅವನದೇ ಮುದ್ರೆ, ಕೋಲು ಕಳಿಸಿ, ಇವು ಯಾರವು ನೋಡು ಎನ್ನುತ್ತಾಳೆ. ಅಪ್ಪನ ಮುಂದೆ ಇಟ್ಟ ಪ್ರಶ್ನೆ ಈಗ ತನ್ನ ಮುಂದೆಯೇ ಬಂದಿದೆ. ಯೂದ ಸುಮ್ಮನೆ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳದೆ, ನನಗಿಂತ ಅವಳೇ ನ್ಯಾಯವಂತಳು ಎಂದು ಒಪ್ಪಿಕೊಳ್ಳುತ್ತಾನೆ. ಇದೇ ಯೂದ ಮುಂದೆ ಈಜಿಪ್ಟಿನಲ್ಲಿ, ಕಿರಿಯ ತಮ್ಮನಾದ ಬೆನ್ಯಾಮೀನನ ಬದಲು ತಾನೇ ಆಳಾಗಿ ಉಳಿಯಲು ಮುಂದೆ ಬರುತ್ತಾನೆ. ನಿಮ್ಮ ಗೆಳೆಯರು ಹೇಳುವ ಗೆಲುವು ನನಗೆ ಕಾಣುವುದು ಇಲ್ಲಿ.

ದಾವೀದನ ಹತ್ತಿರವೂ ನಿಲ್ಲಿ. ಅವನ ಮಗ ಸೊಲೊಮೋನನ ತಾಯಿಯ ಹೆಸರನ್ನು ಮತ್ತಾಯ ಹೇಳುವುದಿಲ್ಲ. ಊರೀಯನ ಹೆಂಡತಿಯಾಗಿದ್ದವಳು ಎನ್ನುತ್ತಾನೆ ಅಷ್ಟೇ. ದಾವೀದ ಕೊಲ್ಲಿಸಿದ ಗಂಡನ ಹೆಸರು ಹೀಗೆ ರಾಜವಂಶದ ಪಟ್ಟಿಯಲ್ಲೇ ಉಳಿದುಬಿಟ್ಟಿದೆ. ತನ್ನನ್ನು ಆಳುವವನು ಪಟ್ಟಣ ಗೆದ್ದವನಿಗಿಂತ ಮೇಲು ಎಂಬ ಅರ್ಥದ ಮಾತು ಬೈಬಲಿನ ಜ್ಞಾನೋಕ್ತಿ 16:32ರಲ್ಲಿದೆ. ದಾವೀದ ಪಟ್ಟಣಗಳನ್ನೇನೋ ಗೆದ್ದಿದ್ದ.

ಮೊದಲು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 37, 38, 44ನೇ ಅಧ್ಯಾಯ ಓದಿ, ಆಮೇಲೆ ಮತ್ತಾಯನಿಗೆ ಬನ್ನಿ. ಅಜೋರ ಬಂದಾಗ ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗಿ.