ಗೋವಾದ ವಾಸ್ಕೋ ಬಳಿ ಹಡಗಿನಿಂದ ಹಡಗಿಗೆ ನಡುನೀರಿನಲ್ಲೇ ಸರಕು ತುಂಬುತ್ತಾರೆ. ಇದಕ್ಕೆ ನಿಯಮಗಳಿಲ್ಲವೇ?

ಇವೆ. ಆದರೆ ಸರಕು ಬದಲಾದರೆ ನಿಯಮವೂ ಬದಲಾಗುತ್ತದೆ.

ಇಲ್ಲಿ ದಡದಿಂದ ನಮ್ಮವರಿಗೆ ಕಾಣುವುದು ಹೆಚ್ಚಾಗಿ ಕಬ್ಬಿಣದ ಅದಿರು. ಮಾಂಡವಿ, ಜುವಾರಿ ನದಿಗಳಲ್ಲಿ ಇಳಿದು ಬಂದ ಬಾರ್ಜ್‌ಗಳಿಂದ (ಚಪ್ಪಟೆ ತಳದ ಸರಕು ದೋಣಿಗಳಿಂದ), ಮುರಗಾಂವ್ ಬಂದರಿನಲ್ಲಿ ಲಂಗರು ಹಾಕಿದ ಹಡಗಿಗೆ ಕ್ರೇನ್ ಮೂಲಕ ಅದನ್ನು ತುಂಬುತ್ತಾರೆ. ಇಲ್ಲಿ ನಿಜವಾದ ಶತ್ರು ಅಲೆಯಲ್ಲ, ತೇವ. ಒದ್ದೆಯಾದ ಅದಿರಿನ ಪುಡಿ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಹಡಗು ಓಲಾಡತೊಡಗಿದಾಗ ಕೆಸರಾಗಿ ಒಂದೇ ಬದಿಗೆ ಜರಿಯುತ್ತದೆ. ಆಮೇಲೆ ಹಡಗು ಮಗುಚಲು ಹೆಚ್ಚು ಹೊತ್ತು ಬೇಡ. 2009ರಲ್ಲಿ ಭಾರತದ ಅದಿರು ಹೊತ್ತಿದ್ದ ‘ಏಷ್ಯನ್ ಫಾರೆಸ್ಟ್’ ಮಂಗಳೂರು ಬಳಿಯೂ ‘ಬ್ಲ್ಯಾಕ್ ರೋಸ್’ ಪಾರಾದೀಪ್ ಬಳಿಯೂ ಮುಳುಗಿದವು. ಆದ್ದರಿಂದ ಅದಿರಿನ ತೇವಾಂಶ ಮಿತಿಯೊಳಗಿದೆ ಎಂಬ ಪ್ರಮಾಣಪತ್ರವನ್ನು ತುಂಬುವ ಮೊದಲೇ ಕ್ಯಾಪ್ಟನ್ ಕೈಗೆ ಕೊಡಬೇಕು. ಸಂಶಯ ಬಂದರೆ ಸರಕು ನಿರಾಕರಿಸುವ ಹಕ್ಕು ಅವರಿಗಿದೆ. ಹಡಗನ್ನು ಬಾಡಿಗೆಗೆ ಪಡೆದವರ ಒತ್ತಡದ ನಡುವೆ ಅದನ್ನು ಚಲಾಯಿಸುವುದು ಮಾತ್ರ ಸುಲಭವಲ್ಲ.

ಕಚ್ಚಾತೈಲದಂಥ ಎಣ್ಣೆಗೆ ಕಟ್ಟುನಿಟ್ಟು ಇನ್ನೂ ಹೆಚ್ಚು. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದಲ್ಲಿ 2011ರಿಂದ ಜಾರಿಯಲ್ಲಿರುವ ನಿಯಮದಂತೆ, 150 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಅಥವಾ ಅದಕ್ಕಿಂತ ದೊಡ್ಡ ಟ್ಯಾಂಕರ್‌ಗಳಲ್ಲಿ ಈ ಕೆಲಸಕ್ಕೆ ಅನುಮೋದಿತ ಯೋಜನೆ ಇರಬೇಕು. ಕರಾವಳಿ ದೇಶಕ್ಕೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ಎರಡು ಹಡಗುಗಳ ನಡುವೆ ಗಾಳಿ ತುಂಬಿದ ದಪ್ಪ ರಬ್ಬರ್ ಫೆಂಡರ್‌ಗಳನ್ನು ಇಳಿಬಿಟ್ಟ ನಂತರವೇ ಹೋಸ್ ಜೋಡಿಸುತ್ತಾರೆ. ಹಡಗಿನ ಸ್ವಂತ ಬಳಕೆಗೆ ಇಂಧನ ತುಂಬಿಸುವುದು ಈ ನಿಯಮದೊಳಗೆ ಬರುವುದಿಲ್ಲ.