ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಜೋರ್ಡಾನ್: ಪೆಟ್ರಾಕ್ಕೆ ಒಂದು ದಿನ ಸಾಕಾ?

ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಅಪ್ಪ-ಅಮ್ಮನ ಜೊತೆ ಏಳು ರಾತ್ರಿ ಜೋರ್ಡಾನ್‌ಗೆ ಹೋಗುತ್ತಿದ್ದೀರಿ, ಇಬ್ಬರಿಗೂ ಅರವತ್ತು ದಾಟಿದೆ, ನಡೆಯಬಲ್ಲರು ಆದರೆ ಮೆಟ್ಟಿಲು ಕಷ್ಟ. ಪೆಟ್ರಾಕ್ಕೆ ಒಂದು ದಿನ ಸಾಕಾ, ಜೋರ್ಡಾನ್ ಪಾಸ್ (ವೀಸಾ ಶುಲ್ಕದ ವಿನಾಯಿತಿ ಮತ್ತು ಪ್ರವಾಸಿ ತಾಣಗಳ ಪ್ರವೇಶ ಸೇರಿದ ಒಂದೇ ಟಿಕೆಟ್) ತಗೊಳ್ಳಬೇಕಾ, ಯಾವುದು ಮೊದಲು ಯಾವುದು ಆಮೇಲೆ?

ಬಂಡೆಯಲ್ಲಿ ಕೊರೆದ ಪ್ರಾಚೀನ ನಗರ ಪೆಟ್ರಾಕ್ಕೆ ಒಂದು ದಿನ ಸಾಲದು. ಎರಡು ದಿನ ಅದಕ್ಕೇ ಎತ್ತಿಡಿ, ಉಳಿದದ್ದನ್ನು ಅದರ ಹಿಂದೆ ಮುಂದೆ ಜೋಡಿಸಿ. ಸಮಯ ಕಡಿಮೆ ಬಿದ್ದರೆ ಬೇರೆ ಯಾವುದನ್ನಾದರೂ ಬಿಡಿ, ಪೆಟ್ರಾದ ಎರಡನೇ ದಿನವನ್ನು ಬಿಡಬೇಡಿ.

ಕಾರಣ ಅಲ್ಲಿನ ದೂರ ಮತ್ತು ಬೆಳಕು. ಟಿಕೆಟ್ ಗೇಟಿನಿಂದ ಸೀಕ್ ಎಂಬ ಕಿರಿದಾದ ಕಮರಿಯ ಬಾಯಿಗೆ ಸುಮಾರು 800 ಮೀಟರ್. ಕಮರಿಯೊಳಗೆ 1.2 ಕಿ.ಮೀ. ನಡೆದರೆ ಎದುರಿಗೆ ಖಜಾನೆ, ಅಂದರೆ ಎಲ್ಲ ಫೋಟೊಗಳಲ್ಲಿ ಬರುವ ಆ ಸುಮಾರು 40 ಮೀಟರ್ ಎತ್ತರದ ಕೆತ್ತನೆಯ ಮುಂಭಾಗ. ಹೆಚ್ಚಿನವರು ಪೆಟ್ರಾ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾಗಿ ಊರು ಶುರುವಾಗುವುದೇ ಅಲ್ಲಿಂದ: ರಂಗಮಂದಿರ, ರಾಜ ಸಮಾಧಿಗಳು, ಕಂಬಸಾಲಿನ ಬೀದಿ, ಕಸ್ರ್ ಅಲ್ ಬಿಂತ್ ದೇವಾಲಯ. ಅಷ್ಟು ಹೊತ್ತಿಗೆ ಗೇಟಿನಿಂದ ನಾಲ್ಕು ಕಿ.ಮೀ. ಹತ್ತಿರ ಬಂದಿರುತ್ತೀರಿ. ಅಲ್ಲಿಂದ ಅದ್ ದೇರ್ ಎಂಬ ಮಠಕ್ಕೆ 800ಕ್ಕೂ ಹೆಚ್ಚು ಮೆಟ್ಟಿಲು. ಬಂದ ದಾರಿಯಲ್ಲೇ ವಾಪಸಾಗಬೇಕು, ಮತ್ತು ಹೋಗುವಾಗ ಇಳಿಜಾರಾಗಿದ್ದ ದಾರಿ ಬರುವಾಗ ಏರು. ದಣಿದ ಕಾಲಿಗೆ ಕೊನೆಯ ಆ 800 ಮೀಟರೇ ಹೆಚ್ಚು ಭಾರ.

ಬೆಳಕಿನ ಲೆಕ್ಕ ಬೇರೆ. ಜೋರ್ಡಾನ್ 2022ರಿಂದ ವರ್ಷಪೂರ್ತಿ ಬೇಸಿಗೆ ಸಮಯವನ್ನೇ (ಒಂದು ಗಂಟೆ ಮುಂದಿಟ್ಟ ಗಡಿಯಾರ) ಇಟ್ಟುಕೊಂಡಿದೆ, ನಮಗಿಂತ ಎರಡೂವರೆ ಗಂಟೆ ಹಿಂದೆ. ಹಾಗಾಗಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗಲೇ ಏಳೂಕಾಲು ದಾಟಿರುತ್ತದೆ, ಐದೂವರೆ ಸುಮಾರಿಗೆ ಮುಳುಗುತ್ತಾನೆ. ಚಳಿಗಾಲದಲ್ಲಿ ಪೆಟ್ರಾವನ್ನು ಬೇಸಿಗೆಗಿಂತ ಬೇಗ ಮುಚ್ಚುತ್ತಾರೆ. ಹಿಂದಿನ ಸಂಜೆಯೇ ಸಂದರ್ಶಕ ಕೇಂದ್ರದಲ್ಲಿ ಸಮಯ ಕೇಳಿಟ್ಟುಕೊಳ್ಳಿ. ಖಜಾನೆಯ ಮೇಲೆ ನೇರ ಬಿಸಿಲು ಬೀಳುವುದು ಬೆಳಿಗ್ಗೆ, ಸುಮಾರು ಒಂಬತ್ತರಿಂದ ಹತ್ತೂವರೆಯವರೆಗೆ. ರಾಜ ಸಮಾಧಿಗಳು ಮತ್ತು ಮಠ ಪಶ್ಚಿಮಕ್ಕೆ ಮುಖ ಮಾಡಿವೆ, ಅವಕ್ಕೆ ಮಧ್ಯಾಹ್ನದ ನಂತರದ ಬಿಸಿಲೇ ಬೇಕು. ಒಂದೇ ದಿನದಲ್ಲಿ ಇವೆಲ್ಲವನ್ನೂ ಸರಿಯಾದ ಬೆಳಕಿನಲ್ಲಿ ನೋಡುವುದು ಗಟ್ಟಿ ಕಾಲಿನವರಿಗೂ ಓಟವೇ. ಹಂಪಿಯನ್ನು ಹೊಸಪೇಟೆಯಿಂದ ಅರ್ಧ ದಿನದಲ್ಲಿ ಮುಗಿಸಿದರೆ ಏನು ಕೈಗೆ ಬರುತ್ತದೋ ಇಲ್ಲೂ ಅಷ್ಟೇ ಬರುತ್ತದೆ.

ಅಪ್ಪ-ಅಮ್ಮನಿಗೆ ಹೀಗೆ ಮಾಡಿ. ಮೊದಲ ದಿನ ಬೆಳಿಗ್ಗೆ ಎಂಟರೊಳಗೆ ಗೇಟು ದಾಟಿ. ಗೇಟಿನಿಂದ ಖಜಾನೆಯವರೆಗೆ ಬ್ಯಾಟರಿ ಗಾಡಿಗಳು ಓಡುತ್ತವೆ, ಒಂದು ಕಡೆಗೆ ಸುಮಾರು 15 ದಿನಾರ್, ಹೋಗಿಬರಲು 25. ಹೋಗುವಾಗ ನಡೆಸಿ, ಬರುವಾಗ ಗಾಡಿ ಹತ್ತಿಸಿ. ಸೀಕ್‌ನಲ್ಲಿ ಗಾಡಿಯಲ್ಲಿ ಹೋದರೆ ನೋಡಬೇಕಾದದ್ದೇ ತಪ್ಪಿಹೋಗುತ್ತದೆ. ವಾಪಸ್ ಗಾಡಿಗೆ ಎಷ್ಟು ಗಂಟೆಗೆ, ಎಲ್ಲಿ ನಿಲ್ಲಬೇಕು ಎಂದು ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಮುಚ್ಚುವ ಹೊತ್ತಿಗೆ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಟಿಕೆಟ್‌ನಲ್ಲೇ ಕುದುರೆ ಸವಾರಿ ಸೇರಿದೆ ಎಂದು ಗೇಟಿನ ಬಳಿ ಕರೆಯುತ್ತಾರೆ. ಅದು ಸೀಕ್ ಬಾಯಿಯವರೆಗೆ ಮಾತ್ರ, ಇಳಿದ ಮೇಲೆ ಬಕ್ಷೀಸು ಕೇಳುವುದು ಖಚಿತ. ಮಠದ ಮೆಟ್ಟಿಲಿಗೆ ಕತ್ತೆ ಹತ್ತಿಸಲು ಯಾರೇ ಕರೆದರೂ ಬೇಡ ಎನ್ನಿ: ಕಲ್ಲು ಸವೆದು ನುಣುಪಾಗಿದೆ, ಒಂದು ಬದಿ ಪ್ರಪಾತ, ಪ್ರಾಣಿಗೂ ಹಿಂಸೆ.

ಸೀಕ್‌ನಲ್ಲಿ ನಿಧಾನಕ್ಕೆ ನಡೆಯಿರಿ. ಎರಡೂ ಬದಿಯ ಗೋಡೆಯಲ್ಲಿ, ಈ ಊರನ್ನು ಕಟ್ಟಿದ ಪ್ರಾಚೀನ ಅರಬ್ ಜನರಾದ ನಬಾತಿಯನ್ನರು ಕೊರೆದ ನೀರಿನ ಕಾಲುವೆ ಉದ್ದಕ್ಕೂ ಬರುತ್ತದೆ, ಕೆಲವೆಡೆ ಅದರಲ್ಲಿ ಕೂರಿಸಿದ್ದ ಸುಟ್ಟ ಮಣ್ಣಿನ ಕೊಳವೆಯ ತುಂಡುಗಳು ಇನ್ನೂ ಇವೆ. ಅರ್ಧ ದಾರಿ ದಾಟಿದ ಮೇಲೆ ಎಡಗೋಡೆಯಲ್ಲಿ ಒಂಟೆಗಳನ್ನು ಹಿಡಿದು ಬರುವ ಮನುಷ್ಯನ ಉಬ್ಬುಚಿತ್ರವಿದೆ. ಮೇಲಿನ ಭಾಗ ನೀರು-ಗಾಳಿಗೆ ಕರಗಿಹೋಗಿದೆ. ಶತಮಾನಗಳ ಕಾಲ ಹೂಳಿನಡಿ ಇದ್ದ ಕೆಳಭಾಗ ಮಾತ್ರ ಉಳಿದಿದೆ. ಮನುಷ್ಯನ ಪಾದ, ಉಡುಪಿನ ಅಂಚು, ಒಂಟೆಯ ಕಾಲು, ಮತ್ತು ಆ ಕಾಲುಗಳ ಹಿಂದಿನಿಂದಲೇ ಹಾದುಹೋಗುವ ಕಾಲುವೆ. ವ್ಯಾಪಾರ ಮತ್ತು ನೀರು, ಈ ಊರು ಬದುಕಿದ್ದೇ ಅವೆರಡರಿಂದ. ಕ್ರಿ.ಶ. 106ರಲ್ಲಿ ರೋಮ್ ಇದನ್ನು ನುಂಗಿಕೊಂಡಿತು, 363ರ ಭೂಕಂಪ ಅರ್ಧ ಊರನ್ನು ಕೆಡವಿತು. ಗೈಡ್ ಇಲ್ಲದವರು ಸಾಮಾನ್ಯವಾಗಿ ಈ ಚಿತ್ರದ ಮುಂದೆ ನಿಲ್ಲದೆ ಹೋಗುತ್ತಾರೆ.

ಮೊದಲ ದಿನ ಅವರನ್ನು ಕಂಬಸಾಲಿನ ಬೀದಿಯವರೆಗೆ ಕರೆದೊಯ್ದು, ಮಧ್ಯಾಹ್ನ ರಾಜ ಸಮಾಧಿಗಳನ್ನು ನೋಡಿ ಹಿಂತಿರುಗಿ. ಅವುಗಳಲ್ಲಿ ಒಂದಾದ ಅರ್ನ್ ಸಮಾಧಿಗೆ ಒಂದಿಷ್ಟು ಮೆಟ್ಟಿಲಿದೆ, ನಿಂತು ನಿಂತು ಹತ್ತಬಹುದು. ಎರಡನೇ ದಿನ ಅವರಿಗೆ ಬೆಳಿಗ್ಗೆ ಬಿಡುವು ಕೊಡಿ, ಮಠಕ್ಕೆ ನೀವೊಬ್ಬರೇ ಹೋಗಿ. ಮಧ್ಯಾಹ್ನ ಒಂದರ ಸುಮಾರಿಗೆ ಮೇಲೆ ತಲುಪುವಂತೆ ಹೊರಟರೆ ಬೆಳಕೂ ಸಿಗುತ್ತದೆ, ಇಳಿಯಲು ಸಮಯವೂ ಉಳಿಯುತ್ತದೆ. ಹತ್ತಿರದ ಪುಟ್ಟ ಪೆಟ್ರಾ ಎಂಬ ಚಿಕ್ಕ ತಾಣದ ಕಡೆಯಿಂದ ಮಠಕ್ಕೆ ಹಿಂಬದಿಯ ಕಾಲುದಾರಿಯೂ ಇದೆ, ಆದರೆ ಮೊದಲು ಮುಖ್ಯ ಕೇಂದ್ರದಲ್ಲಿ ಟಿಕೆಟ್ ಮಾಡಿಸಿಕೊಳ್ಳದೆ ಆ ಕಡೆ ಹೋಗಬೇಡಿ. ಖಜಾನೆಯನ್ನು ಮೇಲಿನಿಂದ ನೋಡಬೇಕೆಂದರೆ ರಾಜ ಸಮಾಧಿಗಳ ಪಕ್ಕದಿಂದ ಹತ್ತುವ ಅಲ್ ಖುಬ್ತಾ ದಾರಿ ಹಿಡಿಯಿರಿ. ಖಜಾನೆ ಎದುರಿನ ಬಂಡೆ ಹತ್ತಿಸುತ್ತೇವೆ ಎಂದು ಹಣ ಕೇಳುವವರ ಹಿಂದೆ ಹೋಗಬೇಡಿ.

ಈಗ ಪಾಸ್. ಖಂಡಿತ ತಗೊಳ್ಳಿ, ಬೆಂಗಳೂರು ಬಿಡುವ ಮೊದಲೇ ಆನ್‌ಲೈನ್‌ನಲ್ಲಿ. ಪೆಟ್ರಾ ಒಂದು ದಿನ ಸೇರಿದ ಪಾಸ್ 70 ದಿನಾರ್, ಎರಡು ದಿನದ್ದು 75, ಮೂರು ದಿನದ್ದು 80. ನಿಮಗೆ 75ರದ್ದು. ಬಿಡಿಬಿಡಿಯಾಗಿ ಕೊಂಡರೆ ವೀಸಾಕ್ಕೇ 40, ಪೆಟ್ರಾ ಎರಡು ದಿನಕ್ಕೆ 55, ರೋಮನ್ ಪಾಳುನಗರ ಜೆರಾಶ್‌ಗೆ 10, ವಾದಿ ರಮ್ ಮರುಭೂಮಿಗೆ 5. ಅಲ್ಲಿಗೇ ತಲೆಗೆ 110 ಆಯಿತು. ಒಂದು ದಿನಾರ್ ಸುಮಾರು 1.41 ಡಾಲರ್, ಹಾಗಾಗಿ ಮೂವರ ಉಳಿತಾಯ ಸಣ್ಣದಲ್ಲ. ಮೂರು ವಿಷಯ ಗಮನಿಸಿ. ಪಾಸ್ ಎಂದರೆ ವೀಸಾ ಅಲ್ಲ, ಕನಿಷ್ಠ ಮೂರು ರಾತ್ರಿ ಉಳಿಯುವವರಿಗೆ ವೀಸಾ ಶುಲ್ಕದ ವಿನಾಯಿತಿ ಮಾತ್ರ. ಭಾರತೀಯ ಪಾಸ್‌ಪೋರ್ಟಿಗೆ ಆ ತಿಂಗಳು ಇರುವ ನಿಯಮವನ್ನು ದೆಹಲಿಯ ಜೋರ್ಡಾನ್ ರಾಯಭಾರ ಕಚೇರಿಯಲ್ಲಿ ಖಚಿತ ಮಾಡಿಕೊಂಡೇ ಟಿಕೆಟ್ ತೆಗೆಯಿರಿ. ಎರಡನೆಯದು, ಪೆಟ್ರಾದ ಎರಡು ದಿನ ಬೆನ್ನುಬೆನ್ನಿಗೆ ಇರಬೇಕು. ಮೂರನೆಯದು, ಚರ್ಚುಗಳ ವಶದಲ್ಲಿರುವ ನೆಬೊ ಬೆಟ್ಟ ಮತ್ತು ಮಾದಬಾ ಊರಿನ ನೆಲದ ಮೊಸಾಯಿಕ್ ನಕಾಶೆ, ಮೃತ ಸಮುದ್ರದ ಕಡಲತೀರಗಳು, ರಾತ್ರಿಯ ಪೆಟ್ರಾ ಪ್ರದರ್ಶನ ಇವು ಪಾಸ್‌ನಲ್ಲಿ ಬರುವುದಿಲ್ಲ. ದರಗಳು ಆಗಾಗ ಏರುತ್ತವೆ, ಕೊಳ್ಳುವ ದಿನ ಮತ್ತೊಮ್ಮೆ ನೋಡಿ.

ಕ್ರಮ ಹೀಗಿರಲಿ. ಗಲ್ಫ್‌ನಲ್ಲಿ ವಿಮಾನ ಬದಲಿಸಿ ಬರುವಷ್ಟರಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ, ಮೊದಲೆರಡು ರಾತ್ರಿ ರಾಜಧಾನಿ ಅಮ್ಮಾನ್. ಮಾರನೆಯ ದಿನ ಬೆಳಿಗ್ಗೆ ಉತ್ತರಕ್ಕೆ ಸುಮಾರು 48 ಕಿ.ಮೀ. ದೂರದ ಜೆರಾಶ್. ಹೇಡ್ರಿಯನ್ ಕಮಾನಿನಿಂದ ಅಂಡಾಕಾರದ ಚೌಕ, ಅಲ್ಲಿಂದ ಕಂಬಗಳ ಬೀದಿ. ಮೂರು ಗಂಟೆ ಸಾಕು, ನೆಲ ಹೆಚ್ಚುಕಡಿಮೆ ಸಮತಟ್ಟು. ಸಂಜೆ ಬಿಸಿಲಿಗೆ ಅಮ್ಮಾನ್ ಕೋಟೆಗುಡ್ಡ. ಮೂರನೇ ದಿನ ದಕ್ಷಿಣಕ್ಕೆ, ನಾಲ್ಕನೇ ಮತ್ತು ಐದನೇ ದಿನ ಪೆಟ್ರಾ.

ಈ ದಕ್ಷಿಣದ ದಾರಿಯಲ್ಲೇ ಯೋಜನೆ ಕೆಡುವುದು. ಅಮ್ಮಾನ್‌ನಿಂದ ಪೆಟ್ರಾ ಪಕ್ಕದ ಊರಾದ ವಾದಿ ಮೂಸಾಕ್ಕೆ ಮರುಭೂಮಿ ಹೆದ್ದಾರಿಯಲ್ಲಿ ಮೂರು ಗಂಟೆ. ರಾಜಮಾರ್ಗ ಎನ್ನುವ ಹಳೆಯ ದಾರಿಯಲ್ಲಿ ಮಾದಬಾ, ನೆಬೊ, ಮುಜಿಬ್ ಕಣಿವೆ, ಕೆರಾಕ್ ಕೋಟೆ ಎಲ್ಲ ಸಿಗುತ್ತವೆ, ಆದರೆ ನಿಲ್ಲದೆ ಓಡಿಸಿದರೂ ಐದು ಗಂಟೆ ಬೇಕು. ಪುಸ್ತಕ ನೋಡಿ ಎಲ್ಲವನ್ನೂ ಸೇರಿಸಿಕೊಂಡವರು ಚಳಿಗಾಲದಲ್ಲಿ ಕೊನೆಯ ತಿರುವುಗಳನ್ನು ಕತ್ತಲಲ್ಲಿ, ಮಂಜಿನಲ್ಲಿ ಇಳಿಯುತ್ತಾರೆ. ಎಂಟಕ್ಕೆ ಹೊರಟು ಮಾದಬಾದ ಆರನೇ ಶತಮಾನದ ಮೊಸಾಯಿಕ್ ನಕಾಶೆ, ಆಮೇಲೆ ಕೆರಾಕ್, ಇವೆರಡೇ ಸಾಕು. ಕೆರಾಕ್‌ನಿಂದ ಪೂರ್ವಕ್ಕೆ ತಿರುಗಿ ಮರುಭೂಮಿ ಹೆದ್ದಾರಿ ಸೇರಿಕೊಳ್ಳಿ. ಕೆರಾಕ್ 1142ರಲ್ಲಿ ಕಟ್ಟಲು ಶುರು ಮಾಡಿದ ಕ್ರುಸೇಡರ್ (ಯುರೋಪಿನ ಕ್ರೈಸ್ತ ಧರ್ಮಯೋಧರ) ಕೋಟೆ, 1188ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್‌ನ ಪಡೆಗೆ ಶರಣಾಯಿತು. ಒಳಗಿನ ಕಮಾನು ಓಣಿಗಳು ಕತ್ತಲು, ಟಾರ್ಚ್ ಕೈಯಲ್ಲಿರಲಿ.

ಮೂವರಿಗೆ ಚಾಲಕನಿರುವ ಕಾರೇ ಒಳ್ಳೆಯದು. ಜೆಟ್ ಎಂಬ ಕಂಪನಿಯ ಬಸ್ ಅಮ್ಮಾನ್–ಪೆಟ್ರಾ ನಡುವೆ ದಿನವೂ ಬೆಳಿಗ್ಗೆ ಇದೆ, ಆದರೆ ದಾರಿಯಲ್ಲಿ ಏನೂ ನೋಡಲು ಬಿಡುವುದಿಲ್ಲ. ನೀವೇ ಓಡಿಸುವುದಾದರೆ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಬದಿಯ ಸಂಚಾರ, ಊರೂರಿನಲ್ಲಿ ಬಣ್ಣ ಬಳಿಯದ ಉಬ್ಬುಗಳು, ವೇಗ ಹಿಡಿಯುವ ಕ್ಯಾಮೆರಾಗಳು. ಕತ್ತಲಾದ ಮೇಲೆ ಓಡಿಸಬೇಡಿ.

ಮರುಭೂಮಿ ಅಂತ ಮಳೆಯನ್ನು ಮರೆಯಬೇಡಿ. ಜೋರ್ಡಾನ್‌ನಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ಬರಿ ಬಂಡೆಯ ಬೆಟ್ಟ ನೀರು ಹೀರುವುದಿಲ್ಲ, ಎಲ್ಲೋ ದೂರದಲ್ಲಿ ಬಿದ್ದದ್ದು ನಿಮಿಷಗಳಲ್ಲಿ ಕಮರಿಗೆ ನುಗ್ಗುತ್ತದೆ, ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ. 1963ರಲ್ಲಿ ಸೀಕ್‌ನಲ್ಲಿ ಫ್ರೆಂಚ್ ಪ್ರವಾಸಿಗರು ಪ್ರವಾಹಕ್ಕೆ ಬಲಿಯಾದರು. ಆ ಮೇಲೆ ನಬಾತಿಯನ್ನರ ಹಳೆಯ ಒಡ್ಡಿನ ಜಾಗದಲ್ಲೇ ಮತ್ತೆ ಒಡ್ಡು ಕಟ್ಟಿದರು. 2018ರ ನವೆಂಬರ್‌ನಲ್ಲೂ ಪೆಟ್ರಾದಿಂದ ಸಾವಿರಾರು ಜನರನ್ನು ತೆರವು ಮಾಡಿಸಬೇಕಾಯಿತು. ಮುನ್ಸೂಚನೆ ಬಂದರೆ ಪೆಟ್ರಾ ಮುಚ್ಚುತ್ತಾರೆ, ಅದಕ್ಕೂ ಎರಡು ದಿನ ಇಟ್ಟುಕೊಂಡಿರುವುದು ಉಪಯೋಗಕ್ಕೆ ಬರುತ್ತದೆ. ಕಾವಲುಗಾರರು ಹೊರಡಿ ಅಂದರೆ ಇನ್ನೊಂದು ಫೋಟೊಕ್ಕೂ ನಿಲ್ಲಬೇಡಿ. ಮುಜಿಬ್‌ನ ನೀರಿನ ಕಮರಿ ನಡಿಗೆ ಚಳಿಗಾಲದಲ್ಲಿ ಇರುವುದಿಲ್ಲ, ಪಟ್ಟಿಯಿಂದ ತೆಗೆದುಹಾಕಿ.

ವಾದಿ ಮೂಸಾ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ಮೇಲಿದೆ, ರಾತ್ರಿ ನಮ್ಮ ಬೆಂಗಳೂರಿನ ಚಳಿಯಲ್ಲ ಅಲ್ಲಿಯದು. ಬುಕ್ ಮಾಡುವಾಗ ಕೋಣೆಯಲ್ಲಿ ಹೀಟರ್ ಇದೆಯೇ, ಇಡೀ ರಾತ್ರಿ ಓಡುತ್ತದೆಯೇ ಎಂದು ಬರೆದು ಕೇಳಿ.

ಆರನೇ ದಿನ ವಾದಿ ರಮ್, ಸುಮಾರು 110 ಕಿ.ಮೀ. ಮಧ್ಯಾಹ್ನದೊಳಗೆ ತಲುಪಿದರೆ ನಾಲ್ಕು ಗಂಟೆಯ ಜೀಪ್ ಸುತ್ತು ಸೂರ್ಯಾಸ್ತಕ್ಕೆ ಸರಿಯಾಗಿ ಮುಗಿಯುತ್ತದೆ. ಜೀಪ್ ಎಂದರೆ ಹಿಂದೆ ಬೆಂಚು ಹಾಕಿದ ತೆರೆದ ಪಿಕಪ್. ಗಾಳಿ ಮುಖಕ್ಕೆ ಹೊಡೆಯುತ್ತದೆ, ಅಮ್ಮನಿಗೆ ಟೋಪಿ, ಶಾಲು, ದಪ್ಪ ಜಾಕೆಟ್ ಬೇಕೇ ಬೇಕು. ಮುಂದಿನ ಸೀಟು ಅವರಿಗೇ ಇರಲಿ ಎಂದು ಮೊದಲೇ ಹೇಳಿ. ಖಜಾಲಿ ಕಮರಿಯ ಬಂಡೆಬರಹಗಳನ್ನು ಬಿಡಬೇಡಿ.

ಕ್ಯಾಂಪ್ ಆರಿಸುವಾಗ ಎಚ್ಚರ. ವಾದಿ ರಮ್ ಹೆಸರಿನಲ್ಲಿ ಸಿಗುವ ಗಾಜಿನ ಗುಮ್ಮಟದ ಡೇರೆಗಳಲ್ಲಿ ಹಲವು ಸಂರಕ್ಷಿತ ಪ್ರದೇಶದ ಹೊರಗೆ, ದೀಸಿ ಹಳ್ಳಿಯ ಕಡೆ ಇವೆ. ರಮ್ ಹಳ್ಳಿಯಿಂದ ಜೀಪಿನಲ್ಲಿ ಎಷ್ಟು ದೂರ, ಶೌಚಾಲಯ ಡೇರೆಗೇ ಹೊಂದಿಕೊಂಡಿದೆಯೇ, ಕರೆಂಟು ಎಷ್ಟು ಹೊತ್ತಿನವರೆಗೆ, ಈ ಮೂರು ಪ್ರಶ್ನೆ ಕೇಳಿದರೆ ಗೊತ್ತಾಗುತ್ತದೆ. ವಯಸ್ಸಾದವರಿಗೆ ಎರಡನೆಯದೇ ಮುಖ್ಯ. ರಾತ್ರಿಯೂಟ ಜರ್ಬ್, ಮರಳಿನಡಿ ಹೂತ ಒಲೆಯಲ್ಲಿ ಬೆಂದದ್ದು; ಮಾಂಸ ಮತ್ತು ತರಕಾರಿ ಒಂದೇ ಒಲೆಯಲ್ಲಿ, ಬೇರೆ ಬೇರೆ ತಟ್ಟೆಯ ಮೇಲೆ. ಅಪ್ಪ-ಅಮ್ಮ ಕಟ್ಟಾ ಸಸ್ಯಾಹಾರಿಗಳಾಗಿದ್ದರೆ ತರಕಾರಿಯನ್ನು ಬೇರೆಯಾಗಿಯೇ ಬೇಯಿಸಲು ಎರಡು ದಿನ ಮುಂಚೆ ಸಂದೇಶ ಕಳಿಸಿ. ಉಳಿದೆಡೆ ಕಾಳು, ಬದನೆಯಿಂದ ಮಾಡುವ ಸಸ್ಯಾಹಾರಿ ತಿನಿಸುಗಳಾದ ಹಮ್ಮುಸ್, ಫಲಾಫಲ್, ಫೂಲ್, ಮುತಬ್ಬಲ್ ಎಲ್ಲೆಲ್ಲೂ ಸಿಗುತ್ತವೆ. ರಮ್ ಹಳ್ಳಿಯಲ್ಲಿ ಎಟಿಎಂ ನಂಬಿಕೊಳ್ಳಬೇಡಿ, ನಗದನ್ನು ವಾದಿ ಮೂಸಾದಲ್ಲೇ ತೆಗೆದುಕೊಳ್ಳಿ.

ಕೊನೆಯ ರಾತ್ರಿ ಮೃತ ಸಮುದ್ರ. ರಮ್‌ನಿಂದ ಬಂದರು ಊರು ಅಕಬಾ ಹಾದು ವಾದಿ ಅರಬಾ ರಸ್ತೆ ಹಿಡಿದರೆ ಸುಮಾರು ನಾಲ್ಕೂವರೆ ಗಂಟೆ. ಅಕಬಾದಲ್ಲೇ ಪೆಟ್ರೋಲ್ ತುಂಬಿಸಿ, ಪಾಸ್‌ಪೋರ್ಟ್ ಕೈಗೆ ಸಿಗುವಲ್ಲಿರಲಿ, ತಪಾಸಣೆ ಇರುತ್ತದೆ. ಸಮುದ್ರಮಟ್ಟಕ್ಕಿಂತ 430 ಮೀಟರ್‌ಗೂ ಹೆಚ್ಚು ಕೆಳಗಿರುವುದರಿಂದ ಡಿಸೆಂಬರ್‌ನಲ್ಲೂ ಅಲ್ಲಿ ಹಿತವಾಗಿರುತ್ತದೆ. ನೀರು ಸಾಮಾನ್ಯ ಸಮುದ್ರಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಉಪ್ಪು. ಮೊಣಕಾಲುಮಟ್ಟದ ನೀರಿನಲ್ಲಿ ಹಿಂದಕ್ಕೆ ಕೂರುವಂತೆ ಒರಗಿದರೆ ಸಾಕು, ತಾನಾಗಿ ತೇಲುತ್ತೀರಿ. ಬೋರಲು ಬೀಳಬಾರದು: ಕಾಲು ಮೇಲೇಳುತ್ತದೆ, ಮುಖ ಕೆಳಗಾಗುತ್ತದೆ, ವಯಸ್ಸಾದವರಿಗೆ ತಿರುಗಿಕೊಳ್ಳುವುದು ಕಷ್ಟ. ಹಾಗಾಗಿ ಇಬ್ಬರನ್ನೂ ಒಟ್ಟಿಗೆ ಇಳಿಸದೆ, ಒಬ್ಬೊಬ್ಬರನ್ನೇ ಪಕ್ಕದಲ್ಲಿ ನಿಂತು ತೇಲಿಸಿ. ಹಿಂದಿನ ದಿನ ಶೇವ್ ಮಾಡಬೇಡಿ, ಗಾಯವಿದ್ದರೆ ಇಳಿಯಬೇಡಿ, ಕಣ್ಣಿಗೆ ಕೈ ಮುಟ್ಟಿಸಬೇಡಿ, ಸಿಹಿನೀರಿನ ಬಾಟಲಿ ದಡದಲ್ಲಿರಲಿ. ಹದಿನೈದು ನಿಮಿಷಕ್ಕೆ ಎದ್ದು ತೊಳೆದುಕೊಳ್ಳಿ. ದಡದ ಉಪ್ಪಿನ ಹರಳು ಕಾಲು ಕೊಯ್ಯುತ್ತದೆ, ರಬ್ಬರ್ ಚಪ್ಪಲಿ ಹಾಕಿಸಿ.

ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಮ್ಮಾನ್ ನಗರಕ್ಕೆ ಮತ್ತೆ ಹೋಗಬೇಕಿಲ್ಲ. ಡ್ರೋನ್ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ತಂದರೆ ಕಸ್ಟಮ್ಸ್‌ನಲ್ಲಿ ತಡೆಹಿಡಿಯುತ್ತಾರೆ.