ಇಳಿದವರು, ಇಳಿಸಿದವರು

ಮಾನ್ಯರೇ,

ನಗರದ ಹೊರವಲಯದ ವಸತಿ ಸಮುಚ್ಚಯವೊಂದರ ದುರಂತದ ವರದಿಗೆ ನಾವು ‘ಮಲಗುಂಡಿಗೆ ಇಳಿದಿದ್ದ ಇಬ್ಬರ ಸಾವು’ ಎಂಬ ತಲೆಬರಹ ಕೊಟ್ಟು, ಮುಂದಿನ ಸಂಚಿಕೆಯಲ್ಲಿ ಅದು ‘ಇಳಿಸಿದ್ದ’ ಎಂದಿರಬೇಕಿತ್ತೆಂದು ತಿದ್ದುಪಡಿ ಪ್ರಕಟಿಸಿದ್ದೆವು. ‘ಸತ್ತವರು ಹೇಗೂ ಸತ್ತರು, ಒಂದು ಅಕ್ಷರ ತಿದ್ದಿದರೆ ಯಾರಿಗೇನು ಲಾಭ’ ಎಂದು ನೀವು ಬಸವನಗುಡಿಯಿಂದ ಬರೆದು ಕೇಳಿದ್ದೀರಿ.

‘ಇಳಿದರು’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಇಳಿದವರೂ ಅವರೇ, ಸತ್ತವರೂ ಅವರೇ, ತಪ್ಪೂ ಅವರದೇ ಎಂಬ ಭಾವನೆ ಓದುವವರಲ್ಲಿ ತಾನಾಗಿ ಮೂಡುತ್ತದೆ. ‘ಇಳಿಸಿದರು’ ಎಂದೊಡನೆ ‘ಯಾರು?’ ಎಂದು ಕೇಳದೆ ಕನ್ನಡ ಬಲ್ಲ ಮನಸ್ಸು ಸುಮ್ಮನಿರದು. ಮಾಡು–ಮಾಡಿಸು, ಇಳಿ–ಇಳಿಸು ಎಂದು ಶಾಲೆಯಲ್ಲಿ ಉರುಹೊಡೆದ ಈ ವ್ಯತ್ಯಾಸವನ್ನು ನಾವು ತಲೆಬರಹದಲ್ಲಿ ಕೈಬಿಟ್ಟೆವು, ಅದರೊಡನೆ ಕೆಲಸಕ್ಕೆ ಕರೆತಂದವನನ್ನೂ ಕೈಬಿಟ್ಟೆವು. ಕಾನೂನು ಅವನನ್ನು ಬಿಟ್ಟಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ, ಮಲಗುಂಡಿಗಳ ಶುಚಿಗೆ ಯಾರನ್ನಾದರೂ ಇಳಿಸಿದರೆ, ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ವಿಧಿಸುತ್ತದೆ; ಆ ಶಿಕ್ಷೆ ಇಳಿದವನಿಗಲ್ಲ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು.

ಹೆಸರು ಬದಲಿಸಿದ ಮಾತ್ರಕ್ಕೆ ನೋಟ ಬದಲಾಗದು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ‘ಪೌರಕಾರ್ಮಿಕ’ ಎಂಬ ಗೌರವದ ಪದ ಬಂದು ದಶಕಗಳೇ ಕಳೆದಿವೆ. ಆದರೂ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಸೀಟಿ ಕೇಳಿದೊಡನೆ ಮನೆಮನೆಯ ಮಕ್ಕಳು ‘ಅಮ್ಮಾ, ಕಸ ಬಂತು’ ಎಂದು ಕೂಗುತ್ತಾರೆ. ಕಸ ಇರುವುದು ನಮ್ಮ ಮನೆಯ ಬಕೆಟ್ಟಿನಲ್ಲಿ. ಬಂದದ್ದು ಅದನ್ನು ಒಯ್ಯುವ ಹೆಣ್ಣುಮಗಳು. ಮಕ್ಕಳಿಗೆ ಕೆಟ್ಟ ಉದ್ದೇಶವಿಲ್ಲ, ಹಿರಿಯರಿಂದ ಕೇಳಿದ್ದನ್ನೇ ಹೇಳುತ್ತಾರೆ. ಆದರೆ ದಿನವೂ ಹಾಗೆ ಹೇಳುವ ಮಗುವಿಗೆ ಆಕೆಯ ಹೆಸರು ಕೇಳಬೇಕೆಂದು ಎಂದಾದರೂ ಅನಿಸೀತೆ? ಕಳೆದ ತಿಂಗಳು ನಾನು ಕೇಳಿದೆ. ಆರು ವರ್ಷಗಳಿಂದ ನಮ್ಮ ಬೀದಿಗೆ ಬರುತ್ತಿದ್ದಾರಂತೆ.

ನಮ್ಮ ವರದಿಯನ್ನು ತಿದ್ದಿ ಈ ಸಂಚಿಕೆಯಲ್ಲಿ ಮತ್ತೆ ಪ್ರಕಟಿಸಿದ್ದೇವೆ. ‘ಇಳಿಸಿದ್ದ’ ಎಂದು ಬರೆದ ಮೇಲೆ ಗುತ್ತಿಗೆದಾರನನ್ನು ಹುಡುಕದೆ ನಮ್ಮ ವರದಿಗಾರರಿಗೆ ಗತ್ಯಂತರವಿರಲಿಲ್ಲ. ಆತನ ಹೇಳಿಕೆಯೂ ಅದರಲ್ಲಿದೆ, ದಯವಿಟ್ಟು ಓದಿ.

– ಸಂಪಾದಕ